ಸಿ8ರ ಒಂಟೆ

ಬಿಳಿಯವರು ರಾಣಿಯ ಮುಂದಿನ ಪೇದೆಯನ್ನು ಡಿ4ಕ್ಕೆ ನಡೆಸುತ್ತಾರೆ, ಕಪ್ಪಿನವರು ಡಿ5ರಲ್ಲಿ ತಡೆಯುತ್ತಾರೆ. ಬಿಳಿಯವರು ಸಿ4ರಲ್ಲಿ ಇನ್ನೊಂದು ಪೇದೆಯನ್ನು ಒಡ್ಡಿದರೆ, ಅದನ್ನು ತಿನ್ನದೆ ಇ6ರಿಂದ ಡಿ5ಕ್ಕೆ ಆಸರೆ ಕೊಡುವುದು ಚದುರಂಗದ ಅತಿ ಗಟ್ಟಿಯಾದ ಉತ್ತರಗಳಲ್ಲೊಂದು. 1927ರಲ್ಲಿ ಕಾಪಾಬ್ಲಾಂಕಾ ಮತ್ತು ಅಲೆಖೈನ್ ವಿಶ್ವ ಪಟ್ಟಕ್ಕಾಗಿ ಆಡಿದ 34 ಆಟಗಳಲ್ಲಿ 32 ಈ ಬಗೆಯವು.

ಈ ಆರಂಭದಲ್ಲಿ ಕಪ್ಪಿಗೊಂದು ಹಳೆಯ ಸಂಕಟವಿದೆ. ಇ6ರ ಪೇದೆ ತನ್ನದೇ ಸಿ8ರ ಒಂಟೆಯ ದಾರಿ ಕಟ್ಟುತ್ತದೆ. ಅದರ ಬಿಡುಗಡೆ ಹೇಗೆ ಎಂಬುದನ್ನು ಕಲಿಯಲು 2010ರ ಮೇ 11ರಂದು ಸೋಫಿಯಾದಲ್ಲಿ ನಡೆದ ವಿಶ್ವ ಪಟ್ಟದ ಕೊನೆಯ ಆಟಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಟೊಪಲೋವ್‌ಗೆ ಬಿಳಿ, ವಿಶ್ವನಾಥನ್ ಆನಂದ್‌ಗೆ ಕಪ್ಪು, ಅಂಕಗಳು ಸರಿಸಮ.

ಆನಂದ್ ಆರಿಸಿಕೊಂಡದ್ದು ಲಾಸ್ಕರ್ ಹೆಸರಿನ ರಕ್ಷಣೆ. ಏಳನೆಯ ನಡೆಯಲ್ಲಿ ಕುದುರೆಯನ್ನು ಇ4ಕ್ಕೆ ನೆಗೆಸಿ, ಒಂದು ಜೋಡಿ ಒಂಟೆ, ಒಂದು ಜೋಡಿ ಕುದುರೆಗಳನ್ನು ಬದಲಾಯಿಸಿಕೊಂಡು ಉಸಿರಾಡಲು ಜಾಗ ಮಾಡಿಕೊಂಡರು. ಸಿ8ರ ಒಂಟೆ 19ನೆಯ ನಡೆಗೆ ಬಿ7ಕ್ಕೆ ಬಂತು; ಎ6, ಡಿ3 ಸುತ್ತಿ, 28ನೆಯದಕ್ಕೆ ಎ8ರ ಮೂಲೆ ಸೇರಿತು. ನೋಡಿದರೆ ಅಲ್ಲಿ ಅದಕ್ಕೇನೂ ಕೆಲಸವಿಲ್ಲ. ಆದರೆ ಅದರ ಓರೆ ಸಾಲಿನ ಇನ್ನೊಂದು ತುದಿಯಲ್ಲಿ ಬಿಳಿ ರಾಜ ನಿಂತಿದ್ದ. ಆನಂದ್ ಎಫ್5, ಇ4ರಲ್ಲಿ ಒಂದರ ಮೇಲೊಂದು ಪೇದೆ ಒಡ್ಡಿದರು. ಟೊಪಲೋವ್ ಎರಡನ್ನೂ ತಿಂದರು, ಸಾಲು ತೆರೆಯಿತು, 32ನೆಯ ನಡೆಗೆ ಕಪ್ಪು ರಾಣಿ ಇ4ರಲ್ಲಿ ಶಹ ಕೊಟ್ಟಿತು. ಅಲ್ಲಿಂದ ಮುಂದೆ ಬಿಳಿ ರಾಜನಿಗೆ ನೆಲೆಯಿಲ್ಲ. 45ನೆಯ ನಡೆಯಲ್ಲಿ ಅದೇ ಒಂಟೆಯ ಬೆಂಬಲದಿಂದ ಆನೆ ಜಿ2ಕ್ಕೆ ನುಗ್ಗಿದಾಗ ಬಿಳಿ ತನ್ನ ರಾಣಿಯನ್ನೇ ಬಿಟ್ಟುಕೊಡಬೇಕಾಯಿತು. 56 ನಡೆಗಳಲ್ಲಿ ಆಟ ಮುಗಿದು, ಆನಂದ್ ಆರೂವರೆ–ಐದೂವರೆಯಿಂದ ಪಟ್ಟ ಉಳಿಸಿಕೊಂಡರು.

ಇಂಥ ಆಟವನ್ನು ಗಣಕದ ತೀರ್ಪಿನಿಂದ ಆರಂಭಿಸಬಾರದು. ಮುಂದಿನ ನಡೆಯನ್ನು ಕಾಗದದಿಂದ ಮುಚ್ಚಿ, ತನ್ನ ನಡೆಯನ್ನು ಬರೆದಿಟ್ಟು, ಆಮೇಲೆ ತೆರೆದು ನೋಡಬೇಕು. 28ನೆಯ ನಡೆಯಲ್ಲಿ ಅವಸರ ಸಲ್ಲದು. ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಒಂದು ಹಾಸು, 32 ಕಾಯಿ, ನಡೆಗಳನ್ನು ಬರೆದ ಒಂದು ಹಾಳೆ ಸಾಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಾಲಾ ಶಿಕ್ಷಕರು ವಾರಕ್ಕೊಂದು ಅವಧಿ ಬಿಡಿಸಿಕೊಂಡು, ಮಕ್ಕಳಿಗೆ ಮೊದಲು ಈ ಆಟವನ್ನು ಹಾಕಿಕೊಡಲಿ.