ಕೈ ಬದಲಾಗದ ಪುಸ್ತಕ

ಮುದ್ರಿತ ಪುಸ್ತಕಕ್ಕಿಂತ ಇ-ಪುಸ್ತಕ ಅಗ್ಗವಾಗಿರಬೇಕೆಂಬುದು ಸಹಜವಾದ ನಿರೀಕ್ಷೆ. ಅದಕ್ಕೆ ಕಾಗದ ಬೇಡ, ಶಾಯಿ ಬೇಡ, ರಟ್ಟು ಬೇಡ, ಲಾರಿ ಬಾಡಿಗೆಯೂ ಬೇಡ. ಹೀಗಿದ್ದೂ ನಾನು ಓದಬೇಕೆಂದಿದ್ದ ಇಂಗ್ಲಿಷ್ ಕಾದಂಬರಿಯೊಂದರ ಪೇಪರ್‌ಬ್ಯಾಕ್ ಪ್ರತಿಗೆ 260 ರೂಪಾಯಿ, ಅದರದೇ ಇ-ಪುಸ್ತಕಕ್ಕೆ 285 ರೂಪಾಯಿ ಎಂದಿತ್ತು. ಕದ್ವಾಡದವರೆಗೆ ಹೊತ್ತು ತಂದುಕೊಡುವ ಪುಸ್ತಕಕ್ಕಿಂತ ಗಾಳಿಯಲ್ಲಿ ಬರುವ ಪುಸ್ತಕವೇ ದುಬಾರಿ!

ಇದಕ್ಕೆ ಕಾರಣಗಳಿಲ್ಲವೆಂದಲ್ಲ. ಲೇಖಕರ ಗೌರವಧನ, ಸಂಪಾದನೆ, ಕರಡು ತಿದ್ದುವಿಕೆ, ಮಾರುವವರ ಕಮಿಷನ್ ಇವೆಲ್ಲ ಎರಡಕ್ಕೂ ಸಮಾನ. ಮುದ್ರಿತ ಪ್ರತಿಗಳನ್ನು ಸಗಟಾಗಿ ಕೊಂಡ ಅಂಗಡಿಯವರು ತಮ್ಮ ಲಾಭದಲ್ಲಿಯೇ ರಿಯಾಯಿತಿ ಕೊಡಬಲ್ಲರು. ಇ-ಪುಸ್ತಕದ ಬೆಲೆಯನ್ನಾದರೋ ದೊಡ್ಡ ಪ್ರಕಾಶಕರು ಬಹುಮಟ್ಟಿಗೆ ತಾವೇ ನಿಗದಿಪಡಿಸುತ್ತಾರೆ. 2010ರಲ್ಲಿ ಅಮೆರಿಕದಲ್ಲಿ ಈ ಪದ್ಧತಿ ಬಂದಾಗ 9.99 ಡಾಲರಿನ ಅನೇಕ ಹೊಸ ಪುಸ್ತಕಗಳು 12.99, 14.99ಕ್ಕೆ ಏರಿದವು, 2012ರಲ್ಲಿ ಅಲ್ಲಿಯ ಸರಕಾರ ನ್ಯಾಯಾಲಯದ ಮೆಟ್ಟಿಲೇರಿತು. ನಮ್ಮಲ್ಲಿ ತೆರಿಗೆಯೂ ಕೂಡಿಕೊಂಡಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಮುದ್ರಿತ ಪುಸ್ತಕಕ್ಕೆ ತೆರಿಗೆಯಿರಲಿಲ್ಲ. ಇ-ಪುಸ್ತಕಕ್ಕೆ ಶೇಕಡಾ 18 ಇತ್ತು. 2018ರ ಜುಲೈಯಲ್ಲಿ, ಮುದ್ರಿತ ರೂಪವೂ ಇರುವ ಇ-ಪುಸ್ತಕಗಳಿಗೆ ಅದನ್ನು ಶೇಕಡಾ 5ಕ್ಕೆ ಇಳಿಸಿದರು. ಓದು ಒಂದೇ, ತೆರಿಗೆ ಮಾತ್ರ ಬೇರೆ.

ಇ-ಪುಸ್ತಕದ ಉಪಕಾರವನ್ನು ನಾನು ಅಲ್ಲಗಳೆಯಲಾರೆ. ವಯಸ್ಸಾದ ಕಣ್ಣುಗಳಿಗೆ ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಿಕೊಳ್ಳಬಹುದು. ಕಾಳಿ ನದಿಯ ದಂಡೆಯ ನಮ್ಮೂರಿನಲ್ಲಿ ಆಷಾಢ ಬಂತೆಂದರೆ ಕಪಾಟಿನ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಇದಕ್ಕೆ ಆ ಭಯವಿಲ್ಲ. ಪರದೇಶದಲ್ಲಿರುವ ನಿಮ್ಮಲ್ಲಿ ಹಲವರಿಗೆ ಕನ್ನಡ ಪುಸ್ತಕದ ಬೆಲೆಗಿಂತ ಅಂಚೆ ವೆಚ್ಚವೇ ಹೆಚ್ಚು. ಅವರಿಗಂತೂ ಇದು ವರವೇ ಸರಿ.

ನನ್ನ ತಕರಾರು 25 ರೂಪಾಯಿಯದಲ್ಲ. ಆ ಹಣಕ್ಕೆ ನಮಗೆ ದಕ್ಕುವುದೇನು ಎಂಬುದೇ ಪ್ರಶ್ನೆ. ಪರದೆಯ ಮೇಲೆ ‘ಕೊಳ್ಳಿರಿ’ ಎಂದಿದ್ದರೂ ಕರಾರಿನ ಪ್ರಕಾರ ಸಿಗುವುದು ಸಾಮಾನ್ಯವಾಗಿ ಓದುವ ಪರವಾನಗಿ ಮಾತ್ರ. 2009ರ ಜುಲೈಯಲ್ಲಿ ಅಮೆಜಾನ್ ಸಂಸ್ಥೆ, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣಕ್ಕೆ, ಜಾರ್ಜ್ ಆರ್ವೆಲ್ಲರ ಕೃತಿಗಳನ್ನು ಓದುಗರ ಕಿಂಡಲ್‌ಗಳಿಂದಲೇ ಅಳಿಸಿಹಾಕಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಮಾಯವಾದವು. ಎರಡೂ ಸಲ ಹಣ ಮರಳಿತು, ನಿಜ. ಆದರೆ ಮಾರಿದವನು ನಮ್ಮ ಮನೆಯ ಕಪಾಟಿನಿಂದ ಪುಸ್ತಕ ಒಯ್ದು ಅಲ್ಲಿ ದುಡ್ಡಿಟ್ಟು ಹೋದರೆ ನಾವು ಸುಮ್ಮನಿರುತ್ತೇವೆಯೇ?

ನಿಮಗೆ ನೆನಪಿರಬಹುದು, ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದೊಡನೆ ಹತ್ತನೆಯ ತರಗತಿಯವರ ಗೈಡು, ನಿಘಂಟು, ವ್ಯಾಕರಣದ ಪುಸ್ತಕಗಳು ಅರ್ಧ ಬೆಲೆಗೆ ಒಂಬತ್ತನೆಯವರ ಕೈ ಸೇರುತ್ತಿದ್ದವು. ಅರ್ಧವೂ ಇಲ್ಲದವನಿಗೆ ಪುಕ್ಕಟೆಯಾಗಿಯೇ ಸಿಗುತ್ತಿತ್ತು. ಮೊದಲ ಪುಟದಲ್ಲಿ ಒಂದರ ಕೆಳಗೊಂದು ಹೊಡೆದುಹಾಕಿದ ನಾಲ್ಕೈದು ಹೆಸರುಗಳಿರುತ್ತಿದ್ದವು. ಒಬ್ಬ ತಂದೆ ಕೊಟ್ಟ ಬೆಲೆಯಲ್ಲಿ ಐವರು ಮಕ್ಕಳು ಓದಿದರು. ಆ ಐವರಲ್ಲಿ ಕೊನೆಯವನಿಗೆ ಇ-ಪುಸ್ತಕದಲ್ಲಿ ಜಾಗವೆಲ್ಲಿ? ಅದನ್ನು ಅರ್ಧ ಬೆಲೆಗೆ ಮಾರುವಂತಿಲ್ಲ, ತಮ್ಮನಿಗೆ ದಾಟಿಸುವಂತಿಲ್ಲ, ಶಾಲೆಯ ಗ್ರಂಥಾಲಯಕ್ಕೆ ದಾನ ಕೊಡುವಂತಿಲ್ಲ.

ಬಾಡಿಗೆಯೆಂದಾದರೆ ಬಾಡಿಗೆಯ ದರವನ್ನೇ ಕೇಳಲಿ. ಪೂರ್ತಿ ಬೆಲೆ ಬೇಕೆಂದಾದರೆ ಇನ್ನೊಬ್ಬರಿಗೆ ದಾಟಿಸುವ ಹಕ್ಕನ್ನೂ ಕೊಡಲಿ. ಅಲ್ಲಿಯವರೆಗೆ ನನ್ನದೊಂದು ಕೋರಿಕೆ: ನಿಮ್ಮ ಅನುಕೂಲಕ್ಕೆ ಇ-ಪುಸ್ತಕವನ್ನು ಧಾರಾಳವಾಗಿ ಓದಿ, ಆದರೆ ಮಕ್ಕಳಿಗೆಂದು ಕೊಳ್ಳುವಾಗ ಮುದ್ರಿತ ಪ್ರತಿಯನ್ನೇ ಕೊಳ್ಳಿ, ಅವರು ಓದಿಯಾದ ಮೇಲೆ ಊರಿನ ಶಾಲೆಗೆ ಕಳುಹಿಸಿ.