ಇಚ್ಛಾಪರಿಮಾಣವೂ ಮನೆಯ ಹೊರೆಯೂ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾಪರಿಮಾಣ ಎಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ಹೊಲ, ಮನೆ, ಚಿನ್ನ, ಧಾನ್ಯಗಳಿಗೆ ಮಿತಿ ಹಾಕಿಕೊಳ್ಳುವುದು ಹೊರಗಿನ ಕೆಲಸ. ಅವುಗಳನ್ನು ಬಯಸುವ ಮನಸ್ಸಿಗೆ ಮಿತಿ ಹಾಕುವುದೇ ವ್ರತದ ತಿರುಳು. ಸಂಪಾದನೆಯೆಲ್ಲ ಮುಗಿದು ಕೈಕಾಲು ಸೋತ ಮೇಲೆ ಈ ವ್ರತವನ್ನು ಸ್ವೀಕರಿಸುವವರೇ ಹೆಚ್ಚು. ಆದರೆ ಇದರ ನಿಜವಾದ ಅಗತ್ಯ ಸಂಪಾದನೆಯ ಏರುಗಾಲದಲ್ಲಿ, ಮನೆಯಲ್ಲಿ ಚಿಕ್ಕ ಮಕ್ಕಳೂ ಊರಿನಲ್ಲಿ ವಯಸ್ಸಾದ ತಾಯಿತಂದೆಯರೂ ಇರುವ ಕಾಲದಲ್ಲಿ. ಬೆಂಗಳೂರಿನ ಒಂದು ಮನೆಯಲ್ಲಿ ನಡೆದ ಸಂಗತಿ ಇದನ್ನು ಸ್ಪಷ್ಟಪಡಿಸುತ್ತದೆ.

ಆ ಮನೆಯ ಯಜಮಾನ ಕಾರ್ಕಳದ ಕಡೆಯವನು. ಬಿ.ಕಾಂ. ಮುಗಿಸಿ, ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ, ರಾಜಧಾನಿಯ ಲೆಕ್ಕಪರಿಶೋಧನ ಸಂಸ್ಥೆಯೊಂದನ್ನು ಸೇರಿದ್ದ. ಹೆಂಡತಿ ಬ್ಯಾಂಕಿನಲ್ಲಿ ಅಧಿಕಾರಿ. ಒಂಬತ್ತು ವರ್ಷದ ಮಗಳು. ಊರಿನ ಮನೆಯಲ್ಲಿ ತಾಯಿ ಒಬ್ಬರೇ. ಅವನ ಬಾಲ್ಯದಲ್ಲಿ ಆ ಮನೆಗೆ ಗಡಿಯಾರದ ಅವಶ್ಯಕತೆಯೇ ಇರಲಿಲ್ಲ. ರಾತ್ರಿಭೋಜನ ತ್ಯಾಗದ ನಿಯಮದಿಂದಾಗಿ ತಂದೆ ಸೂರ್ಯ ಮುಳುಗುವ ಮೊದಲೇ ಅಂಗಡಿಯ ಬಾಗಿಲು ಹಾಕಿ ಬರಬೇಕಾಗಿತ್ತು. ಎಲ್ಲರೂ ಒಟ್ಟಿಗೆ ಉಂಡು, ದೀಪ ಹಚ್ಚಿ, ಬಸದಿಗೆ ಹೋಗಿ ಬರುತ್ತಿದ್ದರು. ಜೀವದಯೆಗಾಗಿ ಹುಟ್ಟಿದ ನಿಯಮವೇ ವ್ಯಾಪಾರದ ದಿನಕ್ಕೊಂದು ಗಡಿಯನ್ನೂ ಮನೆಮಂದಿ ಒಟ್ಟುಗೂಡುವುದಕ್ಕೊಂದು ಹೊತ್ತನ್ನೂ ಗೊತ್ತುಮಾಡಿತ್ತು. ಬೆಂಗಳೂರಿಗೆ ಬಂದ ಮೇಲೆ ಮಗ ಆ ನಿಯಮವನ್ನು ಬಿಟ್ಟ. ಅದರೊಂದಿಗೆ ಆ ಗಡಿಯೂ ಹೋಯಿತು. ರಾತ್ರಿ ಹತ್ತಕ್ಕೆ ಮನೆಗೆ ಬಂದು ಒಬ್ಬನೇ ಉಣ್ಣುವುದು ಅಭ್ಯಾಸವಾಯಿತು.

ಲೆಕ್ಕಪರಿಶೋಧಕರಿಗೆ ಸೆಪ್ಟೆಂಬರ್ ತಿಂಗಳು ಅತ್ಯಂತ ಒತ್ತಡದ ಕಾಲ. ತೆರಿಗೆ ಲೆಕ್ಕಪರಿಶೋಧನೆಯ ವರದಿಗಳಿಗೆ ಸಾಮಾನ್ಯವಾಗಿ ಆ ತಿಂಗಳ 30ನೆಯ ತಾರೀಕು ಕೊನೆಯ ದಿನ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವವೂ ಹಲವು ವರ್ಷ ಇದೇ ದಿನಗಳಲ್ಲಿ ಬರುತ್ತದೆ. 2023ರಲ್ಲಿ ಅದು ಸೆಪ್ಟೆಂಬರ್ ತಿಂಗಳ ಉತ್ತರಾರ್ಧದಲ್ಲೇ ಬಂದಿತ್ತು. ಬಸದಿಯಲ್ಲಿ ಪ್ರತಿ ಸಂಜೆ ಮಕ್ಕಳು ಒಂದೊಂದು ಧರ್ಮದ ಬಗ್ಗೆ ನಾಲ್ಕು ಮಾತು ಹೇಳುವ ಏರ್ಪಾಡಿತ್ತು. ಮಗಳ ಪಾಲಿಗೆ ಉತ್ತಮ ಶೌಚ ಬಂದಿತ್ತು. ತಪ್ಪದೆ ಬರುವೆನೆಂದು ತಂದೆ ಮಾತು ಕೊಟ್ಟಿದ್ದ. ಆದರೆ ಅವನು ಕಚೇರಿಯ ಕಡತಗಳಿಂದ ಬಿಡಿಸಿಕೊಂಡು ಬಸದಿಗೆ ಬರುವ ವೇಳೆಗೆ ಜಮಖಾನೆಗಳನ್ನು ಮಡಚಿಯಾಗಿತ್ತು.

ಮರಳಿ ಬರುವ ದಾರಿಯಲ್ಲಿ ಮಗಳು ಅಳಲಿಲ್ಲ, ಕೋಪಗೊಳ್ಳಲೂ ಇಲ್ಲ. ಶೌಚವೆಂದರೆ ಬರಿಯ ಸ್ನಾನವಲ್ಲ, ಲೋಭವಿಲ್ಲದಿರುವುದು ಎಂದು ತಾನು ಹೇಳಿದುದನ್ನು ವಿವರಿಸಿ, “ಅಪ್ಪಾ, ಲೋಭ ಅಂದ್ರೆ ದುಡ್ಡಿನ ಆಸೆ ಮಾತ್ರಾನಾ, ಕೆಲಸದ ಆಸೆಯೂ ಲೋಭಾನಾ?” ಎಂದು ಕೇಳಿದಳು. ತಂದೆಯ ಬಳಿ ಉತ್ತರವಿರಲಿಲ್ಲ. ಅವನು ದುಂದುಗಾರನಲ್ಲ, ಯಾರಿಗೂ ವಂಚನೆ ಮಾಡಿದವನಲ್ಲ. ದುಡಿಯುವುದೆಲ್ಲ ಮನೆಯವರಿಗಾಗಿಯೇ ಎಂದು ದೃಢವಾಗಿ ನಂಬಿದ್ದ.

ಅದೇ ಕಚೇರಿಯಲ್ಲಿ ಮಂಗಳೂರು ಕಡೆಯ ಕ್ರೈಸ್ತ ತರುಣನೊಬ್ಬನಿದ್ದ. ಮದುವೆಯಾಗಿ ಎರಡು ವರ್ಷವಾಗಿತ್ತು. ಅವನೂ ಮಹತ್ವಾಕಾಂಕ್ಷಿಯೇ, ಸಂಸ್ಥೆಯಲ್ಲಿ ಪಾಲುದಾರನಾಗುವ ಬಯಕೆ ಅವನಿಗೂ ಇತ್ತು. ವಾರದ ದಿನಗಳಲ್ಲಿ ಎಷ್ಟು ಹೊತ್ತಾದರೂ ಕುಳಿತು ಕೆಲಸ ಮುಗಿಸುತ್ತಿದ್ದ. ಆದರೆ ಭಾನುವಾರ ಮಾತ್ರ ಯಾರು ಕರೆದರೂ ಬರುತ್ತಿರಲಿಲ್ಲ. ಆ ದಿನ ಹೆಂಡತಿಯೊಂದಿಗೆ ಇಗರ್ಜಿಗೆ ಹೋಗುವುದು, ಮಧ್ಯಾಹ್ನ ಒಟ್ಟಿಗೆ ಊಟ ಮಾಡುವುದು, ಸಂಜೆ ಊರಿನಲ್ಲಿರುವ ತಾಯಿತಂದೆಯರೊಂದಿಗೆ ಫೋನಿನಲ್ಲಿ ಮಾತಾಡುವುದು. ಇದರಿಂದ ಬಡ್ತಿಗೆ ಅಡ್ಡಿಯಾಗದೇ ಎಂದು ಜೈನ ತರುಣ ಒಮ್ಮೆ ಊಟದ ವೇಳೆಯಲ್ಲಿ ಕೇಳಿದ. ಸ್ವಲ್ಪ ಅಡ್ಡಿಯಾದುದು ನಿಜವೆಂದು ಆತ ಒಪ್ಪಿಕೊಂಡ. ಮದುವೆಯ ಹೊಸತರಲ್ಲಿ ತಾನೂ ಭಾನುವಾರಗಳನ್ನು ಕಚೇರಿಗೆ ಒಪ್ಪಿಸಿದ್ದಾಗಿಯೂ, ಹೆಂಡತಿ ಒಬ್ಬಳೇ ಇಗರ್ಜಿಗೆ ಹೋಗಿಬರುವುದನ್ನು ನೋಡಿದ ಮೇಲೆ ತಿದ್ದಿಕೊಂಡುದಾಗಿಯೂ ಹೇಳಿದ. ಮೋಶೆಯ ಧರ್ಮಶಾಸ್ತ್ರದಲ್ಲಿ ಏಳನೆಯ ದಿನದ ವಿಶ್ರಾಂತಿ ಯಜಮಾನನೊಬ್ಬನಿಗೇ ಅಲ್ಲ. ಮಕ್ಕಳಿಗೆ, ಆಳುಕಾಳುಗಳಿಗೆ, ಎತ್ತು ಕತ್ತೆಗಳಿಗೆ ಕೂಡ ವಿಧಿಸಲಾಗಿದೆ. ಯಜಮಾನ ನಿಲ್ಲದಿದ್ದರೆ ಉಳಿದವರು ಯಾರೂ ನಿಲ್ಲಲಾರರು ಎಂಬುದು ಆತ ಅದರಿಂದ ಗ್ರಹಿಸಿದ ಅರ್ಥ.

ಎತ್ತುಗಳ ಆ ಮಾತು ಜೈನ ತರುಣನಿಗೆ ಪಾಠಶಾಲೆಯಲ್ಲಿ ಕಲಿತ ಒಂದು ಪಾಠವನ್ನು ನೆನಪಿಗೆ ತಂದಿತು. ಸಮಂತಭದ್ರರು ಪರಿಗ್ರಹ ಪರಿಮಾಣಕ್ಕೆ ಹೇಳಿದ ಐದು ಅತಿಚಾರಗಳು ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಲೋಭದಿಂದ ಎತ್ತುಗಳನ್ನು ಅವುಗಳ ಶಕ್ತಿ ಮೀರಿ ನಡೆಸುವುದು ಅತಿವಾಹನ. ಹೊರಲಾರದಷ್ಟು ಹೇರುವುದು ಅತಿಭಾರವಹನ. ಐದರಲ್ಲಿ ಎರಡು ದೋಷಗಳು ತಿಜೋರಿಯ ಮಾತನ್ನೇ ಎತ್ತುವುದಿಲ್ಲ. ಒಬ್ಬನ ಆಸೆಯ ಭಾರವನ್ನು ಬೇರೊಂದು ಜೀವ ಹೊರಬೇಕಾಗಿ ಬರುವುದನ್ನು ಅವು ಹೇಳುತ್ತವೆ. ಪರಿಗ್ರಹವು ಹಿಂಸೆಯಾಗುವುದು ಹೀಗೆ.

ಆ ರಾತ್ರಿ ಮನೆಗೆ ಬಂದವನು ಹೆಂಡತಿಯೊಂದಿಗೆ ಈ ವಿಷಯ ಮಾತಾಡಿದ. ಆಗ ತಿಳಿದುಬಂದ ಸಂಗತಿ ಅವನನ್ನು ಬೆಚ್ಚಿಬೀಳಿಸಿತು. ಹಿಂದಿನ ಎರಡು ವರ್ಷಗಳಲ್ಲಿ ಆಕೆ ಎರಡು ಬಾರಿ ಬಡ್ತಿಯ ಪರೀಕ್ಷೆಗೆ ಹೆಸರು ಕೊಟ್ಟಿರಲಿಲ್ಲ. ಬಡ್ತಿಯಾದರೆ ವರ್ಗಾವಣೆ, ವರ್ಗಾವಣೆಯಾದರೆ ಮಗಳನ್ನು ಶಾಲೆಗೆ ಬಿಡುವವರಾರು, ಸಂಜೆ ಕರೆತರುವವರಾರು, ಅತ್ತೆಯವರ ಔಷಧಿಯ ಕಡೆ ಗಮನ ಕೊಡುವವರಾರು? ಈ ಪ್ರಶ್ನೆಗಳನ್ನು ಆಕೆ ತನ್ನಲ್ಲೇ ಕೇಳಿಕೊಂಡು, ತಾನೇ ಉತ್ತರ ಹೇಳಿಕೊಂಡು, ಅರ್ಜಿಯನ್ನು ಬದಿಗಿಟ್ಟಿದ್ದಳು. ಗಂಡನಿಗೆ ಹೇಳಿರಲಿಲ್ಲ, ಅವನು ಕೇಳಿಯೂ ಇರಲಿಲ್ಲ.

ಈ ಸಂಗತಿಯ ಮರ್ಮ ಇಲ್ಲಿದೆ. ಮನೆಯಲ್ಲಿ ಒಬ್ಬರು ತಮ್ಮ ಇಚ್ಛೆಗೆ ಮಿತಿ ಹಾಕಿಕೊಳ್ಳದಿದ್ದರೆ ಆ ಮಿತಿ ಮಾಯವಾಗುವುದಿಲ್ಲ. ಅದು ಇನ್ನೊಬ್ಬರ ತಲೆಯ ಮೇಲೆ ಬೀಳುತ್ತದೆ. ಗಂಡ ಪರಿಮಾಣ ವ್ರತ ತೊಡಲಿಲ್ಲ. ಅದನ್ನು ಹೆಂಡತಿ ಪಾಲಿಸಿದಳು. ತಾನಾಗಿ ಆರಿಸಿಕೊಂಡ ಮಿತಿ ವ್ರತವೆನಿಸುತ್ತದೆ, ಆತ್ಮಕ್ಕೆ ಹಿತ ತರುತ್ತದೆ. ಇನ್ನೊಬ್ಬರ ಅಪರಿಮಿತ ಆಸೆಯಿಂದ ಹೇರಲ್ಪಟ್ಟ ಮಿತಿ ಬರಿಯ ಹೊರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯ ತ್ಯಾಗವಾಗಿ ಕಾಣುವುದರಿಂದ, ಗೃಹಿಣಿಯರ ಹೊರೆಯನ್ನು ತ್ಯಾಗವೆಂದು ಹೊಗಳಿ ಸುಮ್ಮನಾಗುವುದು ರೂಢಿಯಾಗಿಬಿಟ್ಟಿದೆ.

ಇದೇ ವ್ರತಭಂಗಕ್ಕೆ ಸಮಂತಭದ್ರರು ಹೆಸರಿಸಿರುವ ದೃಷ್ಟಾಂತ ಶ್ಮಶ್ರುನವನೀತನದು. ಪ್ರಭಾಚಂದ್ರರ ಟೀಕೆ ಅದರ ಕಥೆಯನ್ನು ಹೇಳುತ್ತದೆ. ಮಜ್ಜಿಗೆ ಕುಡಿಯುವಾಗ ಮೀಸೆಗೆ ಅಂಟಿದ ಬೆಣ್ಣೆಯನ್ನೇ ದಿನದಿನವೂ ಕೂಡಿಟ್ಟು ಒಂದು ಮಡಕೆ ತುಪ್ಪ ಮಾಡಿದ ಲೋಭಿ ಅವನು. ಚಳಿಗಾಲದ ರಾತ್ರಿ ಗುಡಿಸಲಿನಲ್ಲಿ ಕಾಲ ಬಳಿ ಬೆಂಕಿ ಇಟ್ಟುಕೊಂಡು ಮಲಗಿ, ಆ ತುಪ್ಪ ಮಾರಿ ವರ್ತಕನಾಗುವ, ಸಾಮಂತನಾಗುವ, ಚಕ್ರವರ್ತಿಯಾಗುವ ಹಗಲುಗನಸು ಕಂಡ. ಅರಮನೆಯ ಮಂಚದಲ್ಲಿ ಕಾಲೊತ್ತುವ ಮಡದಿಯನ್ನು, ನಿನಗೆ ಒತ್ತಲು ಬಾರದೆಂದು ಸಲಿಗೆಯಿಂದ ಒದೆಯುವಂತೆ ಕಾಲು ಚಾಚಿದ. ತುಪ್ಪದ ಮಡಕೆ ಬೆಂಕಿಗೆ ಬಿತ್ತು. ಅವನು ಸುಟ್ಟು ಸತ್ತ. ಕನಸಿನಲ್ಲಿ ಅವನ ಮನೆಯವಳಿಗೆ ಸಿಕ್ಕಿದುದು ಒದೆತ ಮಾತ್ರ. ಕ್ರೈಸ್ತ ಮಿತ್ರ ಹೇಳಿದ ಲೂಕನ ಸುವಾರ್ತೆಯ ಸಾಮತಿಯೂ ಇದಕ್ಕೆ ಹತ್ತಿರದ್ದೇ: ದೊಡ್ಡ ಕಣಜ ಕಟ್ಟಲು ಯೋಚಿಸಿ, ಇನ್ನು ಬಹುಕಾಲ ಸುಖವಾಗಿರುವೆನೆಂದುಕೊಂಡ ಸಿರಿವಂತನಿಗೆ ಅದೇ ರಾತ್ರಿ ಮರಣದ ಕರೆ ಬಂದಿತು.

ಜೈನಧರ್ಮ ಸಂಪಾದನೆಯನ್ನು ಹಳಿಯುವುದಿಲ್ಲ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಯೋಗ್ಯತೆಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗಿಟ್ಟಿದ್ದಾರೆ. ಧರ್ಮ, ಅರ್ಥ, ಕಾಮಗಳು ಒಂದಕ್ಕೊಂದು ಅನುಕೂಲವಾಗಿರಬೇಕೆಂಬ ಷರತ್ತನ್ನೂ ಅಲ್ಲಿಯೇ ಹೇಳಿದ್ದಾರೆ. ಹತ್ತನೆಯ ಶತಮಾನದ ಸೋಮದೇವಸೂರಿಗಳ ನೀತಿವಾಕ್ಯಾಮೃತದ ಪ್ರಕಾರ, ತನ್ನನ್ನೂ ತನ್ನನ್ನು ನಂಬಿದ ಆಳುಗಳನ್ನೂ ಪೀಡಿಸಿ ಹಣ ಕೂಡಿಡುವವನು ಕದರ್ಯ. ಆದಾಯವನ್ನು ನಾಲ್ಕು ಪಾಲು ಮಾಡಿ, ಒಂದನ್ನು ನಿಧಿಗೆ, ಒಂದನ್ನು ವ್ಯಾಪಾರಕ್ಕೆ, ಒಂದನ್ನು ಧರ್ಮಕ್ಕೂ ಉಪಭೋಗಕ್ಕೂ, ಒಂದನ್ನು ಆಶ್ರಿತರ ಪೋಷಣೆಗೆ ಇಡಬೇಕೆಂಬ ಹಳೆಯ ನೀತಿಯೂ ಉಂಟು. ಆ ತರುಣ ಹಣವನ್ನು ಹೀಗೆಯೇ ಹಂಚುತ್ತಿದ್ದ. ಆಯುಷ್ಯವೂ ಒಂದು ಆದಾಯವೆಂಬುದು, ಅದರಲ್ಲಿ ಆಶ್ರಿತರ ಪಾಲು ವರ್ಷಗಟ್ಟಲೆ ಬಾಕಿ ಬಿದ್ದಿದೆಯೆಂಬುದು ಅವನಿಗೆ ಹೊಳೆದಿರಲಿಲ್ಲ.

ಆ ವರ್ಷ ದೀಪಾವಳಿಯ ದಿನ, ಮಹಾವೀರ ಸ್ವಾಮಿಯ ನಿರ್ವಾಣಪೂಜೆ ಮುಗಿಸಿ ಬಂದು, ಗಂಡಹೆಂಡಿರು ಹೊಸ ಲೆಕ್ಕದ ಪುಸ್ತಕದ ಮುಂದೆ ಕುಳಿತರು. ಒಬ್ಬ ಲೆಕ್ಕಪರಿಶೋಧಕ ವರ್ಷಕ್ಕೆ ಒಪ್ಪಿಕೊಳ್ಳಬಹುದಾದ ತೆರಿಗೆ ಲೆಕ್ಕಪರಿಶೋಧನೆಗಳಿಗೆ ಅವನ ವೃತ್ತಿಸಂಸ್ಥೆಯೇ 60ರ ಮಿತಿ ಹಾಕಿದೆ. ಅವನ ಕೈಯಲ್ಲಿ 58 ಇದ್ದವು. ಅವನು ತನಗೆ 40ರ ಮಿತಿ ಬರೆದುಕೊಂಡ. ವರದಿಗಳ ಕೆಲಸವನ್ನು ಸೆಪ್ಟೆಂಬರಿಗೆ ಉಳಿಸದೆ ಜೂನ್ ತಿಂಗಳಿನಿಂದಲೇ ಆರಂಭಿಸುವುದೆಂದು ನಿಶ್ಚಯಿಸಿದ. ಪ್ರತಿದಿನ ಸೂರ್ಯಾಸ್ತಕ್ಕೆ ಮೊದಲು ಮನೆ ಸೇರುವುದು ಸಾಧ್ಯವಿರಲಿಲ್ಲ. ಅಷ್ಟಮಿ, ಚತುರ್ದಶಿಗಳಂದೂ ದಶಲಕ್ಷಣದ ಹತ್ತು ದಿನವೂ ಸಾಧ್ಯವೆಂದು ಕಂಡಿತು. ಅಷ್ಟನ್ನು ನಿಯಮವಾಗಿ ಸ್ವೀಕರಿಸಿದ. ಹೆಂಡತಿ ಬಡ್ತಿಗೆ ಅರ್ಜಿ ಹಾಕಿದಳು. ಮರುವರ್ಷ ತುಮಕೂರಿಗೆ ವರ್ಗವಾಯಿತು. ಆಕೆ ದಿನವೂ ರೈಲಿನಲ್ಲಿ ಹೋಗಿಬರುತ್ತಾಳೆ. ಬೆಳಗಿನ ಅಡಿಗೆಯೂ ಮಗಳ ಶಾಲೆಯೂ ಊರಿಗೆ ಔಷಧಿ ಕಳಿಸುವುದೂ ಅವನ ಪಾಲಿಗೆ ಬಂದಿವೆ.

ಇದಕ್ಕೆ ಬೆಲೆ ತೆರಬೇಕಾಯಿತು. ಆದಾಯ ತಗ್ಗಿತು, ಪಾಲುದಾರಿಕೆ ಅವನಿಗಿಂತ ಕಿರಿಯನಿಗೆ ದೊರೆಯಿತು. ಆ ದಿನ ಅವನ ಮನಸ್ಸು ಕಹಿಯಾದುದು ಸುಳ್ಳಲ್ಲ. ತಾನು ಬಿಟ್ಟುದರಿಂದ ಬೇರೆಯವರಿಗೆ ಲಾಭವಾದಾಗ ಸಂಕಟಪಡುವುದನ್ನೇ ಟೀಕಾಕಾರರು ಅತಿವಿಸ್ಮಯವೆಂದಿದ್ದಾರೆ. ಅತಿಚಾರಕ್ಕೆ ಶಾಸ್ತ್ರದಲ್ಲಿ ಹೆಸರಿದೆಯೆಂದ ಮೇಲೆ ಅದು ಅನೇಕರಿಗೆ ಬಂದುಹೋಗಿರುವ ದೌರ್ಬಲ್ಯವೇ ಇರಬೇಕೆಂದು ಅವನು ಸಮಾಧಾನ ತಂದುಕೊಂಡ.

ಬಸದಿಗಳ ವ್ಯವಸ್ಥಾಪಕರೂ ಇಲ್ಲಿ ಯೋಚಿಸತಕ್ಕ ಒಂದು ಮಾತಿದೆ. ಅಭಿಷೇಕದ ಸವಾಲಿನಲ್ಲಿ ಹೆಚ್ಚಿನ ಮೊತ್ತ ಕೂಗಿದವರಿಗೆ ಹಾರ ಹಾಕಿ ಮುಂದಿನ ಸಾಲಿನಲ್ಲಿ ಕೂರಿಸುವುದುಂಟು. ದಾನ ದೊಡ್ಡದೇ. ಆದರೆ ತರುಣ ವಯಸ್ಸಿನಲ್ಲಿಯೇ ಇಷ್ಟು ಸಾಕೆಂದು ನಿಯಮ ತೊಟ್ಟವರನ್ನು ಗುರುತಿಸುವ ಪದ್ಧತಿ ಎಲ್ಲಿದೆ? ಎಷ್ಟು ಗಳಿಸುತ್ತೀ ಎಂದು ತರುಣರನ್ನು ಕೇಳುವ ಹಿರಿಯರು ಎಷ್ಟಕ್ಕೆ ನಿಲ್ಲುತ್ತೀ ಎಂದೂ ಕೇಳಬೇಕು. ಆ ಪ್ರಶ್ನೆಗೆ ದುಡಿಯುವವನೇ ಉತ್ತರ ಕೊಡದಿದ್ದರೆ, ಮನೆಯೊಳಗೆ ಯಾರೋ ಒಬ್ಬರು ಸದ್ದಿಲ್ಲದೆ ಕೊಡುತ್ತಲೇ ಇರುತ್ತಾರೆ.