ಅರ್ಧಕ್ಕೆ ನಿಂತ ಹಾಡು

ವಾಚಕ ಮಹಾಶಯರಲ್ಲಿ ಎಷ್ಟು ಮಂದಿ ಕೋಗಿಲನ್ನು ಬಲ್ಲರೋ ನಾನರಿಯೆ. ಬಳ್ಳಾರಿ ರಸ್ತೆಯನ್ನು ಹಿಡಿದು ವಿಮಾನ ನಿಲ್ದಾಣದ ಕಡೆಗೆ ಹೋಗುವವರು ಯಲಹಂಕದ ಬಳಿ ‘ಕೋಗಿಲು ಕ್ರಾಸ್’ ಎಂಬ ಹಲಗೆಯನ್ನು ಕಂಡು, ಹೆಸರಿನ ಇಂಪಿಗೆ ಒಂದು ಕ್ಷಣ ತಲೆದೂಗಿ, ಮುಂದಕ್ಕೆ ಸಾಗಿಬಿಡುತ್ತಾರೆ. ಚೈತ್ರಮಾಸದಲ್ಲಿ ಕೆರೆಯ ಕಡೆಯಿಂದ ಕೋಗಿಲೆಯ ದನಿ ಈಗಲೂ ಕೇಳಿಬರುವುದುಂಟು. ಎರಡು ವರ್ಷಗಳಿಗೊಮ್ಮೆ ಯಲಹಂಕದ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನ ನಡೆಯುವ ದಿನಗಳಲ್ಲಿ ಮಾತ್ರ ಕೋಗಿಲೆಯೂ ಕೇಳಿಸದು, ಮನೆಯವರ ಮಾತೂ ಕೇಳಿಸದು. ಇಂತಹ ಊರಿನಲ್ಲಿ ನಾನು ಮನೆ ಕಟ್ಟಿಸಿಕೊಂಡು ಇಪ್ಪತ್ತೆರಡು ವರ್ಷಗಳಾದುವು. ಆ ಮನೆಯ ನಡುಕೋಣೆಯಲ್ಲಿ ಗೋಡೆಯ ಅಗಲಕ್ಕೂ ನಿಂತಿರುವ ಒಂದು ಬೀರುವಿನ ವಿಷಯವಾಗಿ ನಾನು ಈಗ ಬರೆಯಹೊರಟಿದ್ದೇನೆ.

ಬೀರುವಿನಲ್ಲಿರುವುದು ಬಟ್ಟೆಯಲ್ಲ, ಪುಸ್ತಕವೂ ಅಲ್ಲ, ಚಲನಚಿತ್ರಗಳು. ಸುಮಾರು ಏಳುನೂರು ತಟ್ಟೆಗಳು, ನಲವತ್ತು ಕ್ಯಾಸೆಟ್ಟುಗಳು. ವಿ.ಸಿ.ಡಿ., ಡಿ.ವಿ.ಡಿ., ಬ್ಲೂರೇ ಎಂಬ ಪಂಗಡಗಳನ್ನು ನನ್ನ ಗೃಹಿಣಿ ಗಣನೆಗೆ ತಂದುಕೊಳ್ಳುವುದಿಲ್ಲ. “ಈ ಮನೆಯಲ್ಲಿ ಉಣ್ಣುವ ತಟ್ಟೆಗಿಂತ ನೋಡುವ ತಟ್ಟೆಯೇ ಹೆಚ್ಚು” ಎಂಬುದು ಆಕೆಯ ಅಭಿಪ್ರಾಯ. ಲೆಕ್ಕದ ದೃಷ್ಟಿಯಿಂದ ಇದನ್ನು ಅಲ್ಲಗಳೆಯುವಂತಿಲ್ಲ.

ಈ ಹುಚ್ಚು ನನಗೆ ಒಮ್ಮೆಲೇ ಹತ್ತಿದುದಲ್ಲ. 1982ರಲ್ಲಿ ದೆಹಲಿಯಲ್ಲಿ ಏಷ್ಯಾದ ಕ್ರೀಡಾಕೂಟ ನಡೆದ ಕಾಲಕ್ಕೆ ನಮ್ಮ ದೇಶದಲ್ಲಿ ಬಣ್ಣದ ದೂರದರ್ಶನವೂ ಅದರ ಬೆನ್ನಿಗೆ ವಿ.ಸಿ.ಆರ್. ಎಂಬ ಯಂತ್ರವೂ ಬಂದುವು. ಯಂತ್ರವನ್ನು ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ತಂದು, ನೆರೆಹೊರೆಯವರನ್ನೆಲ್ಲ ಚಾಪೆಯ ಮೇಲೆ ಕುಳ್ಳಿರಿಸಿ, ಕೊಟ್ಟ ಹಣ ವ್ಯರ್ಥವಾಗಬಾರದೆಂದು ಮೂರು ಚಿತ್ರಗಳನ್ನು ನೋಡಿ, ಬೆಳಗ್ಗೆ ಕೆಂಗಣ್ಣಿನಿಂದ ಕಚೇರಿಗೆ ಹೋದ ಗೃಹಸ್ಥರು ನಾನೊಬ್ಬನೇ ಅಲ್ಲ. ಅನಂತರ ತಟ್ಟೆಗಳ ಕಾಲ ಬಂದಿತು. 2007ರ ಸುಮಾರಿಗೆ ಮೋಸರ್ ಬೇಯರ್ ಎಂಬ ಕಂಪನಿಯವರು ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರತೊಡಗಿದಾಗ ನನ್ನಂಥವರಿಗೆ ಕಡಿವಾಣವೇ ಇಲ್ಲದಂತಾಯಿತು. ಸೊಪ್ಪು ತರಲೆಂದು ಹೋದವನು ಸೊಪ್ಪಿನ ಅಡಿಯಲ್ಲಿ ಎರಡು ಚಿತ್ರಗಳನ್ನಿಟ್ಟುಕೊಂಡು ಬರುತ್ತಿದ್ದೆ. ಆ ಕಂಪನಿಯೂ ಈಗಿಲ್ಲ. 2018ರಲ್ಲಿ ಅದನ್ನು ಸಮಾಪನಗೊಳಿಸುವಂತೆ ಆಜ್ಞೆಯಾಯಿತು. ಅವರ ತಟ್ಟೆಗಳು ನನ್ನ ಬೀರುವಿನಲ್ಲಿ ಉಳಿದುಕೊಂಡಿವೆ.

ಕಳೆದ ಯುಗಾದಿಗೆ ಮನೆಗೆ ಬಣ್ಣ ಹೊಡೆಸುವ ಸಂದರ್ಭ ಒದಗಿತು. ಬೀರುವನ್ನು ಸರಿಸಬೇಕಾಗಿ ಬಂದಾಗ ನನ್ನ ಮಗನು ಬಹು ವಿನಯದಿಂದ, “ಅಣ್ಣಾ, ಇವನ್ನೆಲ್ಲ ಇನ್ನು ಏಕೆ ಇಟ್ಟುಕೊಂಡಿರಬೇಕು? ಈಗ ಎಲ್ಲವೂ ಫೋನಿನಲ್ಲೇ ಸಿಗುತ್ತದಲ್ಲ” ಎಂದನು. ಆತನು ಸಾಫ್ಟ್‌ವೇರ್ ಕಚೇರಿಯ ಕೆಲಸಗಾರ, ಸುಳ್ಳು ಹೇಳುವವನಲ್ಲ. ನಾನು ಒಂದು ಚೀಟಿಯ ಮೇಲೆ ಹತ್ತು ಚಿತ್ರಗಳ ಹೆಸರನ್ನು ಬರೆದು ಕೊಟ್ಟೆ. ಒಂದು ವಾರದ ತರುವಾಯ ಚೀಟಿ ಹಿಂದಿರುಗಿತು. ಆರು ಚಿತ್ರಗಳು ಸಿಕ್ಕಿದ್ದುವು. ಅವುಗಳಲ್ಲಿ ಒಂದಕ್ಕೆ ಕೊನೆಯಿಲ್ಲ. ಇನ್ನೊಂದರಲ್ಲಿ ನಾಯಕಿಯ ಮುಖದ ಮೇಲೆಯೇ ಯಾವುದೋ ವಾಹಿನಿಯ ಮುದ್ರೆ ಕುಳಿತಿದ್ದಿತು. ಮತ್ತೊಂದು, ಆತನು ಕಂಡ ಎರಡು ದಿನಗಳಲ್ಲಿಯೇ, ಕರಾರು ಮುಗಿದುದರಿಂದಲೋ ಏನೋ, ಅದೃಶ್ಯವಾಗಿದ್ದಿತು. ಉಳಿದ ಮೂರು ನನ್ನ ತಟ್ಟೆಗಳಿಗಿಂತ ಎಷ್ಟೋ ನಿಚ್ಚಳವಾಗಿದ್ದುವೆಂಬುದನ್ನು ನಾನು ಒಪ್ಪಿಕೊಳ್ಳಲೇಬೇಕು. ಸಿಕ್ಕದ ನಾಲ್ಕರಲ್ಲಿ ಒಂದರ ಮೇಲೆ ನಾನು ಅಡಿಗೆರೆ ಎಳೆದಿದ್ದೆ. ಆ ಚಿತ್ರದ ಹೆಸರನ್ನು ಇಲ್ಲಿ ಬರೆಯಕೂಡದೆಂದು ನನ್ನ ತಾಯಿಯವರ ಅಪ್ಪಣೆಯಾಗಿದೆ.

ತಾಯಿಯವರಿಗೆ ಈಗ ಎಂಬತ್ತಾರು ವರ್ಷ. 1957ರ ಬೇಸಗೆಯ ಕೊನೆಯಲ್ಲಿ, ಮದುವೆಯಾದ ಹೊಸತರಲ್ಲಿ, ದೊಡ್ಡಬಳ್ಳಾಪುರದ ಕಡೆಯ ನಮ್ಮ ಹಳ್ಳಿಗೆ ಸಮೀಪದಲ್ಲಿ ಬಿಡಾರ ಹೂಡಿದ್ದ ಒಂದು ಟೂರಿಂಗ್ ಟಾಕೀಸಿಗೆ ನಮ್ಮ ತಂದೆಯವರು ಅವರನ್ನು ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದರು. ಡೇರೆಯೊಳಗೆ ನೆಲದ ಮೇಲೆ ಮರಳು. ಒಂದೇ ಯಂತ್ರವಾದುದರಿಂದ ರೀಲು ಮುಗಿದಾಗಲೆಲ್ಲ ದೀಪ ಹತ್ತುವುದು, ಕಡಲೆಕಾಯಿಯವನು ಒಳಗೆ ಬರುವುದು. ಚಿತ್ರದ ನಡುವೆ ನಾಯಕಿ ಒಂದು ಹಾಡನ್ನು ಹಾಡತೊಡಗಿದಳಂತೆ. ಪಲ್ಲವಿ ಮುಗಿದು ಒಂದು ಚರಣವಾಗುವಷ್ಟರಲ್ಲಿ ಗಾಳಿಮಳೆ ಎದ್ದು ಡೇರೆಯ ಒಂದು ಮಗ್ಗುಲು ಹಾರಿಹೋಯಿತು. ಆಟ ನಿಂತಿತು. ಮರುದಿನ ಬರೋಣವೆಂದರೆ ಟಾಕೀಸಿನವರು ಡೇರೆಯನ್ನೇ ಕಿತ್ತರು. ತಾಯಿಯವರು ಆ ಪಲ್ಲವಿಯನ್ನೂ ಒಂದು ಚರಣವನ್ನೂ ಅರುವತ್ತೇಳು ವರ್ಷ ಗುನುಗಿದ್ದಾರೆ. ನಮ್ಮನ್ನೆಲ್ಲ ತೊಟ್ಟಿಲಲ್ಲಿ ತೂಗಿದುದು ಅದರಿಂದಲೇ. ಆದಕಾರಣ ನಮ್ಮ ಮನೆಯಲ್ಲಿ ಯಾವ ಮಗುವೂ ಹಾಡಿನ ಎರಡನೆಯ ಭಾಗವನ್ನು ಕೇಳಿದುದಿಲ್ಲ.

2009ರಲ್ಲಿ ಆ ಚಿತ್ರದ ವಿ.ಸಿ.ಡಿ. ನನಗೆ ದೊರೆಯಿತು. ಎಷ್ಟು ಸಂಭ್ರಮದಿಂದ ಮನೆಗೆ ತಂದೆನೆಂಬುದನ್ನು ಹೇಳಲಾರೆ. ತಾಯಿಯವರನ್ನು ಕುರ್ಚಿಯ ಮೇಲೆ ಕೂರಿಸಿ ಹಾಕಿದರೆ, ಮೊದಲನೆಯ ತಟ್ಟೆ ಮುಗಿದು ಎರಡನೆಯದು ಆರಂಭವಾಯಿತು, ಹಾಡು ಇಲ್ಲ! ಇದರ ಗುಟ್ಟು ನನಗೆ ಅನಂತರ ತಿಳಿಯಿತು. ಒಂದು ವಿ.ಸಿ.ಡಿ.ಯಲ್ಲಿ ಹಿಡಿಸುವುದು 74 ನಿಮಿಷ, ಬಹಳವೆಂದರೆ 80. ಮೂರು ಗಂಟೆಗೆ ಸಮೀಪವಾದ ಹಳೆಯ ಚಿತ್ರಕ್ಕೆ ಮೂರು ತಟ್ಟೆಗಳು ಬೇಕು. ಹತ್ತು ಹನ್ನೆರಡು ನಿಮಿಷಕ್ಕೋಸುಗ ಮೂರನೆಯ ತಟ್ಟೆಯ ಖರ್ಚು ಏಕೆಂದು ಎಣಿಸಿದ ಯಾರೋ ಪುಣ್ಯಾತ್ಮರು, ಕಥೆಗೆ ಬೇಡವೆಂದು ತೋರಿದ ಹಾಡುಗಳಿಗೆ ಕತ್ತರಿ ಹಾಕಿದ್ದಿರಬೇಕು. ತಾಯಿಯವರು ಏನನ್ನೂ ಹೇಳದೆ ಎದ್ದು, ದೇವರ ದೀಪಕ್ಕೆ ಎಣ್ಣೆ ಹಾಕಲು ಹೋದರು.

ಕಳೆದ ವರ್ಷ ಕಣ್ಣಿನ ವೈದ್ಯರು, ಅವರ ದೃಷ್ಟಿ ಇನ್ನು ಹೆಚ್ಚು ದಿನ ಉಳಿಯದೆಂದು ನನಗೆ ಮಾತ್ರ ಕೇಳಿಸುವಂತೆ ಹೇಳಿದರು. ಅಲ್ಲಿಂದ ಮುಂದೆ ನನ್ನ ಹುಡುಕಾಟ ಹವ್ಯಾಸವಾಗಿ ಉಳಿಯಲಿಲ್ಲ.

ಈಗ ವಾಟ್ಸಾಪಿನ ವಿಷಯ. ನನ್ನಂತೆಯೇ ತಟ್ಟೆಗಳನ್ನು ಕೂಡಿಡುವವರ ಒಂದು ಬಳಗ ಅದರಲ್ಲಿದೆ. ಎಂಬತ್ತು ಮಂದಿಗೆ ಕಡಿಮೆಯಿಲ್ಲ. ಈ ಸಾಮಾಜಿಕ ಜಾಲಗಳಿಂದ ಉಪಯೋಗವುಂಟೇ ಎಂದು ಯಾರಾದರೂ ಕೇಳಿದರೆ, ನಾನು ಮೊದಲು ನನಗಾದ ನಷ್ಟವನ್ನೇ ಹೇಳುತ್ತೇನೆ. ಎರಡು ವರ್ಷಗಳ ಕೆಳಗೆ ಇನ್ನೊಂದು ಜಾಲದ ಮೂಲಕ ಪರಿಚಿತನಾದ ಒಬ್ಬ ವ್ಯಾಪಾರಿ, ಮೊಹರು ಒಡೆಯದ ಹನ್ನೆರಡು ಹಳೆಯ ಕನ್ನಡ ಚಿತ್ರಗಳು ತನ್ನಲ್ಲಿವೆಯೆಂದು ಚಿತ್ರಪಟಗಳ ಸಹಿತ ಕಳುಹಿಸಿದನು. ನಾನು 2,400 ರೂಪಾಯಿಗಳನ್ನು ಮುಂಗಡವಾಗಿಯೇ ಕಳುಹಿಸಿದೆ. ಪೊಟ್ಟಣ ಬಂದಿತು. ಬಿಚ್ಚಿದರೆ ಒಳಗೆ ಹನ್ನೊಂದು ಬರಿಯ ತಟ್ಟೆಗಳು, ಹನ್ನೆರಡನೆಯದು ಯಾರದೋ ಮದುವೆಯ ವೀಡಿಯೋ. ವ್ಯಾಪಾರಿಯ ಹೆಸರೂ ಚಿತ್ರಪಟವೂ ಅಷ್ಟರಲ್ಲಿ ಜಾಲದಿಂದ ಮಾಯವಾಗಿದ್ದುವು. ನಾವು ದುಡ್ಡು ಕೊಟ್ಟುದೆಂದು ಆ ಮದುವೆಯನ್ನು ಪೂರ್ತಿಯಾಗಿ ನೋಡಿದೆವು. ಅಡುಗೆ ಚೆನ್ನಾಗಿದ್ದಂತೆ ತೋರಿತು. ಬೀಗರನ್ನು ಎದುರುಗೊಂಡ ರೀತಿ ನನ್ನ ಗೃಹಿಣಿಗೆ ಸರಿಬೀಳಲಿಲ್ಲ. ತಟ್ಟೆಯನ್ನು ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದೇನೆ. ಎಲ್ಲಿಯೋ ಒಂದು ಮನೆಯಲ್ಲಿ ಅದಕ್ಕಾಗಿ ಪರದಾಡುತ್ತಿರಬಹುದು.

ಬೆಳಗಾಗುತ್ತಲೇ ಹೂವಿನ ಚಿತ್ರದೊಡನೆ ಸುಪ್ರಭಾತ ಹೇಳುವವರ ಕಾಟವೂ ಈ ಬಳಗದಲ್ಲಿ ಸ್ವಲ್ಪವಲ್ಲ. ಇಷ್ಟಾದರೂ, ಹಣ ಕೊಡುವುದಕ್ಕೆ ಮೊದಲು ಹತ್ತು ಜನರನ್ನು ಕೇಳುವ ಅನುಕೂಲ ಹಿಂದೆ ಎಲ್ಲಿದ್ದಿತು? ನಮ್ಮ ಬಳಗದ ಒಬ್ಬ ಹಿರಿಯರು, ಸತ್ಯಜಿತ್ ರಾಯರ ಅಪು ಚಿತ್ರತ್ರಯದ ಬ್ಲೂರೇ ತಟ್ಟೆಗಳನ್ನು ಅಮೆರಿಕದಿಂದ ಸೋದರಳಿಯನ ಕೈಯಲ್ಲಿ ತರಿಸಿಕೊಂಡರು. ಆ ಚಿತ್ರಗಳ ಮೂಲ ನೆಗೆಟಿವುಗಳು 1993ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟು, ಮಿಕ್ಕುದನ್ನು ಬಹು ಶ್ರಮದಿಂದ ಸರಿಪಡಿಸಿ 2015ರಲ್ಲಿ ಹೊರತಂದಿದ್ದರು. ಮನೆಯ ಯಂತ್ರಕ್ಕೆ ಹಾಕಿದರೆ, ಈ ವಲಯಕ್ಕೆ ಇದು ಸಲ್ಲದೆಂಬ ಒಕ್ಕಣೆ ಬಂದಿತು. ಬ್ಲೂರೇಯವರು ಭೂಮಂಡಲವನ್ನು ಮೂರು ವಲಯಗಳಾಗಿ ಹಂಚಿಕೊಂಡಿದ್ದಾರೆ. ಅಮೆರಿಕ ಎ, ನಮ್ಮ ದೇಶ ಸಿ. ಡಿ.ವಿ.ಡಿ.ಯ ಲೆಕ್ಕದಲ್ಲಿ ಅಮೆರಿಕ 1, ನಾವು 5. ಬಳಗವನ್ನು ಮೊದಲೇ ಕೇಳಿದ್ದರೆ ಎಲ್ಲ ವಲಯಗಳಿಗೂ ಒಗ್ಗುವ ಯಂತ್ರವನ್ನು ಕೊಳ್ಳಬೇಕೆಂದು ಹತ್ತು ನಿಮಿಷಗಳಲ್ಲಿ ಹೇಳುತ್ತಿದ್ದರು. ಅವರು ಕೇಳಿದುದು ತಟ್ಟೆ ಬಂದ ಮೇಲೆ.

ಕಳೆದ ಶ್ರಾವಣದಲ್ಲಿ ಒಂದು ಭಾನುವಾರ ಬಳಗದ ಹನ್ನೊಂದು ಮಂದಿ ನಮ್ಮ ಮನೆಯಲ್ಲಿಯೇ ಸೇರಿದರು. ಗೃಹಿಣಿ ಗೊಣಗುತ್ತಲೇ ಅವಲಕ್ಕಿ ಕಲಸಿದಳು. ಮಾತು ಎಲ್ಲೆಲ್ಲಿಯೋ ಹರಿದು ಕೊನೆಗೆ ‘ಸತಿ ಸುಲೋಚನಾ’ಕ್ಕೆ ಬಂದು ನಿಂತಿತು. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ, ಕೊಲ್ಲಾಪುರದಲ್ಲಿ ತಯಾರಾದುದು, ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯನಾಯ್ಡುಗಳು ಇಂದ್ರಜಿತು, ತ್ರಿಪುರಾಂಬಾ ಸುಲೋಚನೆ. ಇಷ್ಟೆಲ್ಲ ಗೊತ್ತಿದ್ದೂ ನೋಡೋಣವೆಂದರೆ ಒಂದು ಪ್ರತಿಯೂ ಉಳಿದಿಲ್ಲ. ಪ್ಯಾರಾಮೌಂಟ್ ಮಂದಿರವೂ ಇಲ್ಲ. ಒಬ್ಬ ತರುಣರು, 1977ರ ‘ಘಟಶ್ರಾದ್ಧ’ವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ನಗರದ ಉತ್ಸವದಲ್ಲಿ ತೋರಿಸಿದುದನ್ನು ನೆನಪಿಸಿದರು. ಸರಿಯೇ. ಆದರೆ ವೆನಿಸ್ಸಿಗೆ ಹೋಗುವಂಥ ಯೋಗ್ಯತೆ ಎಲ್ಲ ಚಿತ್ರಗಳಿಗೂ ಇರುತ್ತದೆಯೆ? ನನ್ನ ತಾಯಿಯವರ ಚಿತ್ರ ಅಂಥದಲ್ಲ. ಅದನ್ನು ಯಾವ ವಿಮರ್ಶಕರೂ ಹೊಗಳಿದಂತೆ ನಾನು ಕಂಡಿಲ್ಲ.

ನಾನು ಹಾಡಿನ ವಿಷಯವನ್ನು ಆ ದಿನ ಎಲ್ಲರ ಮುಂದೆ ಹೇಳಿದೆ. ಅವರು ಹೊರಡುವ ಮೊದಲೇ ತರುಣರು ಅದನ್ನು ಜಾಲದಲ್ಲಿ ನಾಲ್ಕು ಕಡೆಗೆ ಬರೆದು ಹಾಕಿದರು. ಹನ್ನೊಂದನೆಯ ದಿನ ಕಾಸರಗೋಡಿನಿಂದ ಉತ್ತರ ಬಂದಿತು. ಬರೆದವರು ನಿವೃತ್ತ ಉಪಾಧ್ಯಾಯರು. ಹಿಂದೆ ಬೆಂಗಳೂರಿನಲ್ಲಿದ್ದಾಗ, 1989ರಲ್ಲಿ, ದೂರದರ್ಶನದ ಭಾನುವಾರದ ಕನ್ನಡ ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು. ಹಾಡು ಇದೆಯೆಂದು ನೆನಪು, ಆದರೆ ಕಡಲ ತೀರದ ತೇವಕ್ಕೆ ಬೂಷ್ಟು ಹಿಡಿದಿದೆಯೆಂದು ತಿಳಿಸಿದ್ದರು. ಬೆಲೆಯನ್ನು ಕೇಳಿದುದಕ್ಕೆ, “ತಾಯಿಯವರು ನೋಡಿದ ಮೇಲೆ ಒಂದು ಕಾಗದ ಬರೆಯಿರಿ, ಸಾಕು” ಎಂದರು. 2,400 ರೂಪಾಯಿ ನುಂಗಿದವನೂ ಇವರೂ ನನಗೆ ದೊರೆತುದು ಜಾಲದಿಂದಲೇ ಎಂಬುದನ್ನು ನೆನೆದರೆ ಯಾರನ್ನು ದೂರಲಿ, ಯಾರನ್ನು ಹೊಗಳಲಿ?

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೆಯೇ ಯಂತ್ರಕ್ಕೆ ಹಾಕಕೂಡದು. ಟೇಪು ಹರಿಯಬಹುದು, ಯಂತ್ರದ ಓದುವ ತಲೆಯೂ ಕೆಡುತ್ತದೆ. ಯಂತ್ರವಾದರೂ ಎಲ್ಲಿ? ಜಗತ್ತಿನಲ್ಲಿ ಕೊನೆಯವರೆಗೂ ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ಕೈಬಿಟ್ಟಿತು. ನಮ್ಮ ಮನೆಯ ಯಂತ್ರದೊಳಗಿನ ರಬ್ಬರು ಪಟ್ಟಿಗಳು ಬೆಲ್ಲದ ಪಾಕದಂತಾಗಿದ್ದುವು. ಮತ್ತೆ ಬಳಗವೇ ಯಶವಂತಪುರದಲ್ಲಿ ಒಬ್ಬ ರಿಪೇರಿಯವರನ್ನು ತೋರಿಸಿಕೊಟ್ಟಿತು. ಅವರು ಕ್ಯಾಸೆಟ್ಟಿನ ತಿರುಪುಗಳನ್ನು ಬಿಚ್ಚಿ, ಟೇಪನ್ನು ಕೈಯಿಂದಲೇ ಸುತ್ತುತ್ತ, ಮೆತ್ತನೆಯ ಬಟ್ಟೆಯಿಂದ ಒರಸಲು ಮೂರು ದಿನ ಹಿಡಿಯಿತು. “ಅವಸರ ಮಾಡಿದ್ರೆ ಅಮ್ಮನವರ ಹಾಡೇ ಹರಿದುಹೋಗುತ್ತೆ, ಸ್ವಾಮಿ” ಎಂದು ನನ್ನನ್ನು ಗದರಿಸಿದರು. ಯಂತ್ರದ ಪಟ್ಟಿಗಳನ್ನೂ ಬದಲಾಯಿಸಿ 600 ರೂಪಾಯಿ ತೆಗೆದುಕೊಂಡರು.

ಹೀಗೆ ಪ್ರತಿ ಮಾಡಿಕೊಳ್ಳುವುದು ನ್ಯಾಯವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ನೆರೆಮನೆಯ ವಕೀಲರನ್ನು ನಾನೂ ಕೇಳಿದೆ. 1957ರ ಕಾಯಿದೆಯಂತೆ ಚಲನಚಿತ್ರದ ಮೇಲಿನ ಹಕ್ಕು, ಅದು ಹೊರಬಂದ ವರ್ಷ ಮುಗಿದ ಮೇಲೆ 60 ವರ್ಷಗಳವರೆಗೆ ಮಾತ್ರ. ಈ ಚಿತ್ರಕ್ಕೆ ಆ ಅವಧಿ ಕಳೆದಿದೆ. ಹಾಡಿನ ಸಾಹಿತ್ಯ ಸಂಗೀತಗಳ ಲೆಕ್ಕ ಬೇರೆ, ಆದುದರಿಂದ ಮಾರಾಟಕ್ಕಿಳಿಯಬೇಡಿ ಎಂದರು. ಮಾರುವ ಯೋಚನೆ ನನಗೇಕೆ?

ಕಾರ್ತಿಕ ಮಾಸದ ಒಂದು ಸಂಜೆ ಎಲ್ಲರೂ ನಡುಕೋಣೆಯಲ್ಲಿ ಕುಳಿತೆವು. ಮಗನು ಕಚೇರಿಯ ಕೆಲಸವನ್ನು ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದನು. ತಾಯಿಯವರ ಕುರ್ಚಿಯನ್ನು ಪರದೆಗೆ ಎರಡು ಮೊಳದಷ್ಟು ಹತ್ತಿರಕ್ಕೆ ಎಳೆದೆವು. ಚಿತ್ರದ ಮೇಲೆ ಬಿಳಿಯ ಗೆರೆಗಳು ಮಳೆಯಂತೆ ಸುರಿಯುತ್ತಿದ್ದುವು. ಮುಕ್ಕಾಲು ಗಂಟೆಯಾದ ಮೇಲೆ ಹಾಡು ಆರಂಭವಾಯಿತು. ತಾಯಿಯವರು ಪಲ್ಲವಿಯನ್ನು ಜೊತೆಯಲ್ಲಿಯೇ ಹೇಳಿದರು, ಚರಣವನ್ನೂ ಹೇಳಿದರು; ಅಲ್ಲಿಗೆ ನಿಲ್ಲಿಸಿದರು. ಹಾಡು ಮುಂದುವರಿಯಿತು. ಇನ್ನೆರಡು ಚರಣಗಳಿದ್ದುವು. ನಾಯಕಿ ತುಳಸಿಯ ಕಟ್ಟೆಗೆ ದೀಪವಿಟ್ಟು, ಯಾರನ್ನೋ ನೆನೆದು ನಕ್ಕು, ಒಳಗೆ ಹೋದಳು.

ತಾಯಿಯವರು ಪರದೆಯಿಂದ ಮುಖವನ್ನು ತಿರುಗಿಸದೆ, “ಅಳಲಿಲ್ಲವಲ್ಲೋ!” ಎಂದರು.

“ಯಾರಮ್ಮ?”

“ಅವಳು. ಆವತ್ತು ಗಾಡಿಯಲ್ಲಿ ಬರುವಾಗ ನಾನು ಮುಖ ಸಣ್ಣದು ಮಾಡಿಕೊಂಡು ಕೂತಿದ್ದೆ. ನಿಮ್ಮಪ್ಪ, ‘ನಾನು ಬೆಂಗಳೂರಿನಲ್ಲಿ ಇದನ್ನ ನೋಡಿದ್ದೀನಿ ಕಣೆ. ಮುಂದೆ ಅವಳು ಗೊಳೋ ಅಂತ ಅಳುತ್ತಾಳೆ, ನೋಡದೆ ಇದ್ದದ್ದೇ ಒಳ್ಳೇದಾಯಿತು’ ಅಂದರು. ನೋಡಿರಲೇ ಇಲ್ಲ ಅವರು!”

ತಂದೆಯವರು ತೀರಿಕೊಂಡು ಇಪ್ಪತ್ತೊಂಬತ್ತು ವರ್ಷಗಳಾಗಿವೆ. ತಾಯಿಯವರು ಸೆರಗನ್ನು ಬಾಯಿಗಿಟ್ಟುಕೊಂಡು, ಮೈಯೆಲ್ಲ ಕುಲುಕುವಂತೆ, ಬಹಳ ಹೊತ್ತು ನಕ್ಕರು. ಆಮೇಲೆ ನನ್ನ ಮೊಮ್ಮಗಳ ಕಡೆಗೆ ಕೈ ನೀಡಿ, “ಇನ್ನೊಂದು ಸಲ ಹಾಕು, ಮಗೂ” ಎಂದರು. ಮಗುವಿಗೆ ಹಿಂದಕ್ಕೆ ಸುತ್ತುವ ಗುಂಡಿ ಯಾವುದೆಂದು ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಮಗನು ಒಳಗೆ ಬಂದು ತೋರಿಸಿಕೊಟ್ಟನು.